ಕೊನೆಯ ಹಂತ ಕೈಕೊಟ್ಟ ಶನಿವಾರ

ಅರುವತ್ತರ ದಶಕದಲ್ಲಿ ನಾನು ಮೂಡುಬಿದಿರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪರದೇಶವೊಂದು ಆ ವಾರ ಸಂಪರ್ಕ ಉಪಗ್ರಹ ಹಾರಿಸುವುದರಲ್ಲಿತ್ತು. ಅದು ಮೇಲೇರಿದರೆ ಕಡಲಾಚೆಯ ಮಾತು ಆಕಾಶದಿಂದಲೇ ಬರುತ್ತದೆಂದು ವಿವರಿಸಲು ಬಂಟ್ವಾಳದ ವಾಚನಾಲಯದವರು ನನ್ನನ್ನು ಶನಿವಾರ ಸಂಜೆಯ ಭಾಷಣಕ್ಕೆ ಕರೆದಿದ್ದರು. ಹದಿನೈದು ದಿನ ಕೂತು ಬರೆದೆ. ರಾಕೆಟಿನ ಮೂರು ಹಂತಗಳನ್ನು ತೋರಿಸಲು ಹಾಲಿನಪುಡಿಯ ಡಬ್ಬಗಳನ್ನು ಒಂದೊಂದಾಗಿ ಕಳಚುವಂತೆ ಜೋಡಿಸಿಕೊಂಡೆ.

ಶನಿವಾರ ಬೆಳಿಗ್ಗೆ ಹೋಟೆಲಿನ ರೇಡಿಯೋ, ಹಾರಿದ ರಾಕೆಟಿನ ಕೊನೆಯ ಹಂತದಲ್ಲಿ ದೋಷ ಕಂಡುಬಂದಿದೆ ಎಂದಿತು. ಮುಂದಿನ ಮಾತೆಲ್ಲ ಗರಗರ. ಉಪಗ್ರಹ ಬಿತ್ತೋ, ಮೇಲೆಯೇ ಉಳಿಯಿತೋ ತಿಳಿಯಲಿಲ್ಲ.

“ಬಿದ್ದರೆ ಬೀಳಲಿ ಮಾಸ್ಟ್ರೇ, ನಮ್ಮ ಮಾಡಿನ ಮೇಲೆ ಬೀಳಲಿಲ್ಲವಲ್ಲ,” ಎಂದು ಹೋಟೆಲಿನವರು ರೇಡಿಯೋದ ಕಿವಿ ತಿರುವಿ ಹಾಡು ಹಾಕಿದರು.

ನಾನು ಅಂಚೆ ಕಚೇರಿಗೆ ಹೋಗಿ ಮಂಗಳೂರಿನ ಪತ್ರಿಕೆಯೊಂದರಲ್ಲಿದ್ದ ಗೆಳೆಯನಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ.

“ಲೈನ್ ಸಿಗುವುದು ಕಷ್ಟ ಉಂಟು. ಬೆಳ್ತಂಗಡಿಗೆ ಮಾತಾಡಬೇಕಾದವರೇ ನಿನ್ನೆಯಿಂದ ಕಾಯ್ತಾ ಇದ್ದಾರೆ,” ಎಂದರು ಪೋಸ್ಟ್ ಮಾಸ್ಟ್ರು.

ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತೆ. ಕಡೆಗೆ ಲೈನ್ ಬಂತು. “ಕೊನೆಯ ಹಂತ ಏನಾಯಿತು?” ಎಂದು ಗಂಟಲು ಹರಿಯುವಂತೆ ಕೂಗಿದೆ.

“ಯಾವ ಸಂತೆ?” ಎಂದ ಗೆಳೆಯ.

“ಸಂತೆ ಅಲ್ಲ ಮಾರಾಯ, ಹಂತ,” ಎನ್ನುವಷ್ಟರಲ್ಲಿ ಲೈನ್ ಕಡಿಯಿತು. ರಿಸೀವರನ್ನು ಕುಕ್ಕಿ ಇಟ್ಟದ್ದಕ್ಕೆ ಪೋಸ್ಟ್ ಮಾಸ್ಟ್ರು ಮುಖ ಗಂಟಿಕ್ಕಿದರು.

ಡಬ್ಬಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂಟ್ವಾಳ ಮುಟ್ಟಿದೆ. ವಾಚನಾಲಯದ ಅಧ್ಯಕ್ಷರಿಗೆ ಸುದ್ದಿ ಹೇಳಿದರೆ ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

“ಕೆಟ್ಟದ್ದನ್ನೆಲ್ಲ ಹೇಳುವುದು ಬೇಡ. ಬರೆದದ್ದನ್ನು ಓದಿಬಿಡಿ.”

“ಅದು ಸುಳ್ಳಾಗ್ತದೆ ಸ್ವಾಮಿ.”

“ನಿಜ ಏನೆಂದು ನಿಮಗೂ ಗೊತ್ತಿಲ್ಲವಲ್ಲ?”

ಆ ಮಾತು ಸರಿಯೇ ಇತ್ತು; ಅದೇ ಹೆಚ್ಚು ಉರಿಸಿತು. ಆದರೂ ವೇದಿಕೆಯಲ್ಲಿ ಬರೆದ ಹಾಳೆಗಳನ್ನು ಮಡಚಿಟ್ಟೆ. ಎರಡು ಡಬ್ಬ ಕಳಚಿ, ಕಡೆಯದನ್ನು ಎತ್ತಿ ಹಿಡಿದು, ಇದು ಸಾಕಷ್ಟು ಹೊತ್ತು ಉರಿಯದಿದ್ದರೆ ಉಪಗ್ರಹ ತನ್ನ ದಾರಿ ಮುಟ್ಟುವುದಿಲ್ಲ, ಇವತ್ತು ಹಾಗೆ ಆಗಿರಬಹುದು, ನನಗೆ ಪೂರ್ತಿ ತಿಳಿಯದು ಎಂದೆ. ಹಿಂದಿನ ಸಾಲಿನವರು ಎದ್ದು ಹೋದರು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು.

ನರಿಕೊಂಬಿನಿಂದ ಬಂದಿದ್ದ ದಾದಿಯೊಬ್ಬರು ಎದ್ದುನಿಂತರು. “ಕೆಳಗೆ ಇಳಿಸಿ ರಿಪೇರಿ ಮಾಡಲಿಕ್ಕೆ ಆಗುವುದಿಲ್ಲವಾ?”

“ಆಗುವುದಿಲ್ಲ.”

“ಹಾಗಾದರೆ ಮಾಡಿದವರು ಈಗ ಏನು ಮಾಡ್ತಾ ಇರಬಹುದು?”

ಬೆಳಗಿನಿಂದ ನನ್ನ ಭಾಷಣ ಹಾಳಾಯಿತೆಂದು ಕುದಿಯುತ್ತಿದ್ದ ನನಗೆ ಆ ಜನರ ನೆನಪೇ ಬಂದಿರಲಿಲ್ಲ. “ಎಲ್ಲಿ ತಪ್ಪಿತೆಂದು ಹುಡುಕ್ತಾ ಇರಬಹುದು,” ಎಂದೆ. ಅವರು ತಲೆಯಾಡಿಸಿ ಕೂತರು.

ಆಮೇಲೆ ಅಧ್ಯಕ್ಷರು ಎದ್ದು, ಮೊದಲೇ ಬರೆದು ತಂದಿದ್ದ ವಂದನಾರ್ಪಣೆಯಲ್ಲಿ ಉಪಗ್ರಹದ ಯಶಸ್ಸನ್ನು ಮನಸಾರೆ ಅಭಿನಂದಿಸಿದರು. ಜನ ಚಪ್ಪಾಳೆ ತಟ್ಟಿದರು.

ಎರಡು ದಿನ ಬಿಟ್ಟು ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು: ಉಪಗ್ರಹ ತಪ್ಪು ದಾರಿಯಲ್ಲಿ ಸುತ್ತುತ್ತಿದೆ, ಕೆಲಸಕ್ಕೆ ಬಾರದು. ಅದನ್ನು ಕತ್ತರಿಸಿ ಅಧ್ಯಕ್ಷರಿಗೆ ಅಂಚೆಯಲ್ಲಿ ಕಳಿಸಿದೆ. ಉತ್ತರ ಬರಲಿಲ್ಲ, ಬಂಟ್ವಾಳದವರು ಮತ್ತೆ ನನ್ನನ್ನು ಭಾಷಣಕ್ಕೆ ಕರೆಯಲೂ ಇಲ್ಲ.