ಮುತ್ತಲಗಿಡದ ಕಾಗೆಗಳು

ಹಾನಗಲ್ಲಿನ ಕೆರೆಯ ಹಕ್ಕಿಗಳನ್ನು ನನಗೆ ತೋರಿಸಿಕೊಟ್ಟವಳು ಅವ್ವ. ಬಟ್ಟೆ ಒಗೆಯುವ ನೆವದಲ್ಲಿ ಹೋಗಿ, ಹಿಂಡಿದ ಸೀರೆಯನ್ನು ಹೆಗಲ ಮೇಲೆ ಹಾಗೇ ಇಟ್ಟುಕೊಂಡು ನಿಂತುಬಿಡುತ್ತಿದ್ದಳು. ಶಿವರಾತ್ರಿ ಕಳೆಯಿತೆಂದರೆ ಕೆರೆಯಲ್ಲಿ ಗದ್ದಲವೋ ಗದ್ದಲ. ಚಳಿಗೆ ಬಂದಿದ್ದ ಬಾತುಗಳು ಹೊರಡುವ ಅವಸರದಲ್ಲಿರುತ್ತಿದ್ದವು. ಮಿಂಚುಳ್ಳಿ ದಂಡೆಯ ಮಣ್ಣು ಕೊರೆಯುತ್ತಿತ್ತು.

ನಾನು ಆಗ ಮುಲ್ಕಿಗೆ, ಅಂದರೆ ಏಳನೆಯ ಇಯತ್ತೆಯ ಪರೀಕ್ಷೆಗೆ, ಓದುತ್ತಿದ್ದೆ. ಮೂವತ್ತರ ದಶಕದಲ್ಲಿ ಮುಲ್ಕಿ ಪಾಸಾದ ಹುಡುಗಿ ಸಾಲಿಯಲ್ಲಿ ಕಲಿಸುವ ಅಕ್ಕೋರು ಆಗಬಹುದಿತ್ತು. ಶಿಗ್ಗಾಂವಿಗೆ ಕೊಟ್ಟಿದ್ದ ಅತ್ತೆಗೆ, ಅಪ್ಪನ ಅಕ್ಕ ಆಕೆ, ನನ್ನನ್ನು ತನ್ನ ಮಗನಿಗೆ ತಂದುಕೊಳ್ಳುವ ಹಟ. ಬಂದಾಗೊಮ್ಮೆ ಅದೇ ರಾಗ. ಅವ್ವ ಜಗ್ಗುತ್ತಿರಲಿಲ್ಲ. "ಆಕಿ ಮುಲ್ಕಿ ಪಾಸಾಗೂತನಕ ಲಗ್ನದ ಮಾತ ಎತ್ತಬ್ಯಾಡ್ರಿ" ಎನ್ನುತ್ತಿದ್ದಳು. ಅಪ್ಪ ಇಬ್ಬರಿಗೂ ಹೂಂಗುಟ್ಟುತ್ತಿದ್ದ. ಅವನ ಸ್ವಭಾವವೇ ಅಷ್ಟು.

ಆ ವರ್ಷ ಶಿವರಾತ್ರಿಯ ಮರುವಾರ ಅವ್ವ ಜ್ವರದಲ್ಲಿ ತೀರಿಕೊಂಡಳು. ನನಗೆ ಅಳು ಬರಲಿಲ್ಲ. ಹೆಂಗಸರು ತೋಳು ಚಿವುಟಿ ನೋಡಿದರು. ನೋವೂ ಆಗಲಿಲ್ಲ. ಊಟ ಮಾಡೆಂದರೆ ಮಾಡುತ್ತಿದ್ದೆ, ಏಳೆಂದರೆ ಏಳುತ್ತಿದ್ದೆ.

ಮೂರನೆಯ ದಿನ ಮಣ್ಣಿಗೆ ಹಾಲು-ತುಪ್ಪ ಬಿಟ್ಟು, ಸತ್ತವರಿಗೆ ಸೇರುತ್ತಿದ್ದ ಅಡುಗೆಯ ಎಡೆ ಇಟ್ಟು ಕಾಗೆಗಾಗಿ ಕಾಯುವುದು ನಮ್ಮ ಪದ್ಧತಿ. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದರ್ಥ; ಅದನ್ನು ನಡೆಸಿಕೊಡುವ ಮಾತು ಕೊಟ್ಟರೆ ಮುಟ್ಟುತ್ತದೆ. ಕೆರೆಯ ಪಕ್ಕದ ನಮ್ಮ ಹೊಲದಲ್ಲೇ ಅವ್ವನ ಮಣ್ಣಾಗಿತ್ತು. ರೊಟ್ಟಿ, ಎಣ್ಣೆಗಾಯಿ, ಮಾದಲಿ ಇಟ್ಟು ದೂರ ಸರಿದು ನಿಂತೆವು. ಒಂದು ಕಾಗೆಯೂ ಇಲ್ಲ.

ಅವು ಎಲ್ಲಿವೆಯೆಂದು ನನಗೆ ಗೊತ್ತಿತ್ತು. ಕೆರೆಯ ಏರಿಯಾಚೆಯ ಮುತ್ತಲಗಿಡಗಳು, ಅಂದರೆ ಮುತ್ತುಗ, ಹೂ ಬಿಟ್ಟಾಗ ಊರ ಕಾಗೆಗಳೆಲ್ಲ ಬೆಳಿಗ್ಗೆ ಅಲ್ಲೇ ಹೂವಿನ ಜೇನಿಗೆ ಮುಕುರಿರುತ್ತವೆ. ಬಿಸಿಲೇರಿದ ಮೇಲೆ ಕೆರೆಯ ನೀರಿಗೆ ಬರುತ್ತವೆ. ಹಿಂದಿನ ವರ್ಷ ಅವ್ವನ ಜೊತೆ ನಿಂತು ದಿನಾ ನೋಡಿದ್ದೆ.

"ಅಪ್ಪಾ, ಅವು ಮುತ್ತಲಗಿಡದಾಗ ಅದಾವ. ಬಿಸಲ ಏರಿದ ಮ್ಯಾಲೆ ಬರತಾವ" ಎಂದೆ.

"ಬಾಯಿ ಮುಚ್ಚು!" ಎಂದಳು ಅತ್ತೆ. "ಹಡದಾಕಿ ಸತ್ತರ ಒಂದ ಹನಿ ಕಣ್ಣೀರ ಹಾಕಲಿಲ್ಲ, ಈಗ ಕಾಗಿ ಕತಿ ಹೇಳಾಕ ಬಂದ್ಲು."



ಅಪ್ಪ ಕೈಮುಗಿದು ಮಣ್ಣಿನ ಕಡೆ ತಿರುಗಿದ. "ನಿನ್ನ ಹೆಸರಿಲೆ ಬದುವಿಗೆ ಮಾವಿನ ಗಿಡ ಹಚ್ಚತೇನಿ" ಎಂದ. ಬರಲಿಲ್ಲ. "ನಿನ್ನ ತವರಮನಿಯವರ ಕೂಡ ಜಗಳ ಬಿಡತೇನಿ" ಎಂದ. ಬರಲಿಲ್ಲ. ಬಿಸಿಲು ಏರುತ್ತಿತ್ತು. ಅಂಗಾಲು ಸುಡುತ್ತಿದೆ ಎಂದು ತಿಳಿಯುತ್ತಿತ್ತು, ಅಷ್ಟೇ, ಸರಿದು ನಿಲ್ಲಬೇಕೆನಿಸಲಿಲ್ಲ.

"ಮಗಳ ಚಿಂತಿ ಹಚಗೊಂಡ ಹೋಗ್ಯಾಳೋ ತಮ್ಮಾ" ಎಂದಳು ಅತ್ತೆ. "ಮತ್ತೇನ ಇರತೈತಿ ತಾಯಿ ಜೀವಕ್ಕ? ಹೇಳಿಬಿಡು."

ಅಪ್ಪ ನನ್ನ ಕಡೆ ನೋಡಲಿಲ್ಲ. "ಮಗಳನ್ನ ನಮ್ಮಕ್ಕನ ಮಗಗ ಕೊಡತೇನಿ. ಯುಗಾದಿ ಆದ ಕೂಡ್ಲೇ ಲಗ್ನಾ ಮಾಡತೇನಿ" ಎಂದ.

ಕೆರೆಯ ಏರಿಯ ಮೇಲಿಂದ ಮೊದಲು ಎರಡು, ಹಿಂದೆಯೇ ಏಳೆಂಟು ಕಾಗೆಗಳು ಬಂದವು. ಎಲೆಯನ್ನೇ ಎಳೆದಾಡಿದವು. "ನೋಡಿದ್ಯಾ!" ಎಂದು ಅತ್ತೆ ಕೂಗಿದಳು. ಬಂದವರೆಲ್ಲ ಗಲ್ಲ ಗಲ್ಲ ಬಡಿದುಕೊಂಡರು.

ಅಪ್ಪ ನನ್ನ ಹತ್ತಿರ ಬಂದು ತಲೆಯ ಮೇಲೆ ಕೈಯಿಟ್ಟ. "ನಿಮ್ಮವ್ವ ಒಪ್ಪಿದಳವಾ" ಎಂದ. ಮೂರು ದಿನದಲ್ಲಿ ಮೊದಲ ಸಲ ಅವನ ಮುಖ ಸಡಿಲಾಗಿತ್ತು. ಕಾಗೆಗಳ ಮಾತನ್ನು ಮತ್ತೊಮ್ಮೆ ಹೇಳಬಹುದಿತ್ತು. "ಹೂಂ" ಎಂದೆ.

ಯುಗಾದಿಯಾದ ಮೇಲೆ ಶಿಗ್ಗಾಂವಿಗೆ ಹೋದೆ. ಮುಲ್ಕಿಗೆ ಕೂಡಲಿಲ್ಲ. ಅತ್ತೆಯ ಮೇಲೆ ಸಿಟ್ಟಿತ್ತು, ಅಪ್ಪನ ಮೇಲೂ ಇತ್ತು, ಅವು ಕಾಲಕ್ಕೆ ಸವೆದವು. ಆದರೆ ಕಾಗೆಗಳು ನೀರಿಗೆ ಬಂದಿದ್ದವೆಂದು ಅಲ್ಲಿ ನನ್ನೊಬ್ಬಳಿಗೇ ಗೊತ್ತಿದ್ದರೂ, ಅವು ಎಡೆಗೆ ಬಾಯಿ ಹಾಕಿದ ಆ ಗಳಿಗೆಯಲ್ಲಿ, ಅವ್ವ ನನ್ನನ್ನು ಕೊಟ್ಟೇಬಿಟ್ಟಳು ಎಂದು ನಾನೂ ನಂಬಿದೆ. ಅವಳ ಮೇಲಿನ ಆ ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ.