ನಾನು ಒಲೆಗೆ ಹಾಕಿದ ದಾರಿ

ಕಳೆದ ಭಾನುವಾರ ನಾನೊಂದು ಘನಕಾರ್ಯ ಮಾಡಿದೆ. ಕೋತಗಿರಿ ಪಕ್ಕದ ನಮ್ಮ ಹಟ್ಟಿಗೆ ಹೋದವನು ಮಾದಿ ಮಾಮಿಯ ಹಳೇ ಆಟದ ಬೋರ್ಡನ್ನು ಎತ್ತಿ ಬಚ್ಚಲೊಲೆಗೆ ತುರುಕಿದೆ.

ಮಾಮಿ ಎಂದರೆ ಅಪ್ಪನ ಅಕ್ಕ. ಬೋರ್ಡ್ ನಾಲ್ಕು ತುಂಡಾಗಿತ್ತು, ಬೆನ್ನಿಗೆಲ್ಲ ಪ್ಲಾಸ್ಟರ್. ಅದಕ್ಕೇ ಅದೇ ಆಟದ ಹೊಸ ಸೆಟ್ ಆನ್‌ಲೈನಲ್ಲಿ ತರಿಸಿದ್ದೆ. ಹೊಸದು ಬಂದ ಮೇಲೆ ಹಳೆಯದೇಕೆ? (ಊಟಿಯ ಫ್ಲ್ಯಾಟಿನಲ್ಲಿದ್ದು ಬಂದ ಬುದ್ಧಿ.)

ಆಟ ಅಮೆರಿಕದ್ದು. ಅಲ್ಲಿನ ಒಬ್ಬ ಟೀಚರಮ್ಮ ಪೋಲಿಯೋ ಬಂದು ಆಸ್ಪತ್ರೆ ಸೇರಿದ್ದರಂತೆ. ಸುತ್ತ ಅದೇ ಕಾಯಿಲೆಯ ಮಕ್ಕಳು. ಅವರಿಗಾಗಿ ಈ ಆಟ ಕಟ್ಟಿದರು. ಓದು ಬೇಡ, ಲೆಕ್ಕ ಬೇಡ. ಕಾರ್ಡ್ ತೆಗೆ, ಬಣ್ಣ ನೋಡು, ಆ ಬಣ್ಣದ ಮನೆಗೆ ಕಾಯಿ ನಡೆಸು. ಎದ್ದು ನಿಲ್ಲಲಾಗದ ಮಗುವೂ ದಾರಿ ಮುಗಿಸುತ್ತದೆ! ಆಟ ಎಲ್ಲೆಲ್ಲೋ ಹೋಯಿತು. ಟೀಚರಮ್ಮನ ಹೆಸರು ಎಷ್ಟು ಜನಕ್ಕೆ ಗೊತ್ತು? ನನಗೂ ಮೊನ್ನೆ ಮೊಬೈಲ್ ನೋಡಿದ ಮೇಲೇ ಗೊತ್ತಾದದ್ದು.

ನಮ್ಮ ಮಾಮಿಗೂ ಪೋಲಿಯೋ. ಎರಡನೇ ಕ್ಲಾಸಿಗೇ ಕಾಲೂ ಹೋಯಿತು, ಶಾಲೆಯೂ ಹೋಯಿತು. ಆಸ್ಪತ್ರೆಯಲ್ಲಿದ್ದ ಅಮೆರಿಕದ ನರ್ಸಮ್ಮ ತಮ್ಮ ದೇಶಕ್ಕೆ ಮರಳುವಾಗ ಈ ಬೋರ್ಡನ್ನು ಅವಳ ಮಡಿಲಲ್ಲಿಟ್ಟು ಹೋದರಂತೆ.

ನಾನು ಶಾಲೆ ಸೇರುವ ಹೊತ್ತಿಗೆ ಅದು ನಮ್ಮಿಬ್ಬರ ಆಟ. ಸಂಜೆ ಚೀಲ ಇಳಿಸುವ ಮೊದಲೇ ಮಾಮಿ ಕೇಳುತ್ತಿದ್ದಳು: "ಭೋಜಾ, ಇಂದು ದಾರಿಲಿ ಏನ ಕಂಡೆ? ಹೇಗು." (ಹೇಳು ಅನ್ನುವುದಕ್ಕೆ ನಮ್ಮ ಬಡಗ ಮಾತಿನಲ್ಲಿ ಹೇಗು.) ನಾನು ಬಾಯಿಗೆ ಬಂದದ್ದು ಒದರುತ್ತಿದ್ದೆ. ಅವಳು ಬೋರ್ಡಿನ ಮನೆಗಳಲ್ಲಿ ಪೆನ್ಸಿಲಿನಿಂದ ಪುಟ್ಟ ತಮಿಳು ಅಕ್ಷರದಲ್ಲಿ ಏನೋ ಗೀಚುತ್ತಿದ್ದಳು. ಗೆಲ್ಲುವ ಆತುರದಲ್ಲಿ ನಾನದನ್ನು ಓದಿದವನೇ ಅಲ್ಲ.

ಭಾನುವಾರ ಮಾಮಿ ಹೊಸ ಬೋರ್ಡ್ ಬಿಚ್ಚಿ ಕೈಯಾಡಿಸಿದಳು.

"ಒಳ್ಳಿತ್ತು, ಮಗ. ಹಳೇದು ಎಲ್ಲಿ?"

"ಸುಟ್ಟುಬಿಟ್ಟೆ, ಮಾಮಿ."

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೊಸ ಬೋರ್ಡಿನ ಮೊದಲ ಮನೆಯ ಮೇಲೆ ಬೆರಳಿಟ್ಟಳು. "ಇದು ನಂಗ ಬಾಗಿಲು." (ನಮ್ಮ ಮನೆ ಬಾಗಿಲು.) ಮುಂದಿನದು ಕರಿ ನಾಯಿ ಮಲಗುವ ಕಟ್ಟೆ. ಆಮೇಲೆ ನನ್ನ ಚಪ್ಪಲಿ ಕಿತ್ತುಹೋದ ಏರು. ಟೀ ತೋಟದ ಎಲೆ ತೂಕ ಹಾಕುವ ಶೆಡ್. ಕಾಟಿ, ಅಂದರೆ ಕಾಡೆಮ್ಮೆ, ಕಂಡು ನಾನು ಗೊಳೋ ಎಂದು ಅತ್ತ ತಿರುವು. (ಅತ್ತಿದ್ದೆನಾ? ಅತ್ತಿರಬೇಕು.)

ಶಾಲೆಯ ದಾರಿ! ನನ್ನ ಬಾಯಿಂದ ದಿನಕ್ಕಿಷ್ಟು ಕೇಳಿ, ಒಂದೊಂದೇ ಮನೆಯಲ್ಲಿ ಬರೆದಿಟ್ಟುಕೊಂಡು, ಮಾಮಿ ದಿನಾ ಸಂಜೆ ಶಾಲೆಗೆ ಹೋಗಿಬರುತ್ತಿದ್ದಳು. ಅದನ್ನೇ ನಾನು ಒಲೆಗೆ ಹಾಕಿದ್ದು. ನನಗೆ ಅಳು ಬಂತು. ಈ ಸಲ ಎದುರಿಗೆ ಕಾಟಿ ಇರಲಿಲ್ಲ.

"ಅಳಬೇಡ. ಪೆನ್ಸಿಲ್ ತಾ," ಎಂದಳು. ಈಗ ಅವಳ ಕೈ ನಡುಗುತ್ತದೆ. ಅವಳು ಹೇಳಿದಳು, ನಾನು ಬರೆದೆ. ಹನ್ನೊಂದನೇ ಮನೆಗೆ ಬಂದಾಗ ಮಾತು ನಿಂತಿತು. ಹಣೆ ಉಜ್ಜಿಕೊಂಡಳು. "ಮರೆತೋಯ್ತು. ನೀ ನಡೆದವ, ನೀನೇ ಹೇಗು."

ಎಷ್ಟೋ ವರ್ಷ ತುಳಿದ ದಾರಿ. ಕಣ್ಣು ಮುಚ್ಚಿ ನೋಡಿದೆ, ತೆರೆದು ನೋಡಿದೆ. ಏನೂ ಹೊಳೆಯಲಿಲ್ಲ. ಹನ್ನೊಂದನೇ ಮನೆ ಇವತ್ತಿಗೂ ಖಾಲಿ ಇದೆ.

ನಡೆದವನು ನಾನೇ, ಸರಿ. ದಾರಿ ಕಂಡವರು ಯಾರು?