ಪೋಚಮ್ಮನ ಗಾಜು

ಹೈದರಾಬಾದಿನ ಆಚೆ ಗುಡ್ಡದ ಮೇಲಿದ್ದ ನಮ್ಮ ವೀಕ್ಷಣಾಲಯದಲ್ಲಿ ಮಾಣಿಕ್ಯಾಂಬ ಮೂವತ್ತೊಂದು ವರ್ಷ ನಕ್ಷತ್ರಗಳನ್ನು ಅಳೆದರು. ದೂರದರ್ಶಕಕ್ಕೆ ಕಣ್ಣಿಟ್ಟದ್ದು ಒಂದೇ ಸಲ. “ಅಲ್ಲಿ ನಡುಗ್ತಾವೆ ಮೇಡಂ. ಗಾಜಿನ ಮೇಲಾದರೆ ಸುಮ್ಮನೆ ನಿಂತಿರ್ತಾವೆ,” ಎಂದು ಇಳಿದು ಬಂದರು. ರಾತ್ರಿ ತೆಗೆದ ಚಿತ್ರ ಗಾಜಿನ ಫಲಕದ ಮೇಲೆ ಮೂಡುತ್ತಿತ್ತು. ನಕ್ಷತ್ರವೆಂದರೆ ಕಪ್ಪು ಚುಕ್ಕೆ. ಬೆಳಕು ಕುಗ್ಗಿದರೆ ಚುಕ್ಕೆ ಕಿರಿದು. ಹಗಲು ಹತ್ತರಿಂದ ಐದರವರೆಗೆ ಭೂತಗನ್ನಡಿ ಹಿಡಿದು ಅವುಗಳನ್ನು ಹೋಲಿಸುವುದು ಅವರ ಕೆಲಸ.

ವೀಕ್ಷಣಾಲಯದ ಮುಖ್ಯಸ್ಥೆಯಾದ ನನ್ನ ಮಾತನ್ನು ಅವರು ಒಪ್ಪದಿದ್ದದ್ದು ಒಂದು ನಕ್ಷತ್ರದ ವಿಷಯದಲ್ಲಿ ಮಾತ್ರ. ನೋಡಲು ಅದು ಒಂದು, ನಿಜದಲ್ಲಿ ಎರಡು: ಒಂದು ದೈತ್ಯ, ಜೊತೆಗೆ ಚಿಕ್ಕದೊಂದು. ಚಿಕ್ಕದು ದೈತ್ಯನ ಹಿಂದೆ ಸರಿದಾಗ ಎರಡು ತಿಂಗಳು ಬೆಳಕು ಕುಗ್ಗುತ್ತದೆ. 1964ರ ಜನವರಿಯಲ್ಲಿ ಹಾಗಾಗಿತ್ತು. ಮತ್ತೆ ಹದಿನೆಂಟೂವರೆ ವರ್ಷಕ್ಕೆ ಎಂದು ನಾನು ಲೆಕ್ಕ ಹಾಕಿದ್ದೆ. ಅದು ಬಂದದ್ದು 1982ರ ಮಳೆಗಾಲದಲ್ಲಿ; ಮೋಡದ ಹಿಂದೆ ಆಗಿಹೋಯಿತೆಂದು ಕಡತ ಮುಚ್ಚಿದೆ. ಅಲ್ಲ, ಇಪ್ಪತ್ತು ವರ್ಷ, ಬರುವ 1984ರ ಜನವರಿಗೆ, ಎಂದರು ಮಾಣಿಕ್ಯಾಂಬ.

ಅವರ ಆಧಾರ ಹಳೆಯ ದಾಖಲೆ ಪುಸ್ತಕದ ಒಂದು ಸಾಲು: “ಜನವರಿ 1944. ಚುಕ್ಕೆ ಕಿರಿದು. ಫಲಕ ಕೆಟ್ಟಿದೆ. ಜವಾನ ಮಲ್ಲಯ್ಯನಿಗೆ ಕೊಟ್ಟಿದೆ.”

ಜನವರಿಯ ದೂರದರ್ಶಕವನ್ನು ನಾನು ಧೂಮಕೇತು ನೋಡುವ ದಿಲ್ಲಿಯವರಿಗೆ ಕೊಟ್ಟಾಗಿತ್ತು. “ಫಲಕ ಕೆಟ್ಟಿದ್ದರೆ ಎಲ್ಲ ಚುಕ್ಕೆಗಳೂ ಕಿರಿದಾಗಿರ್ತಾವೆ. ಆ ಗಾಜು ತೋರಿಸಿ, ಜನವರಿ ನಿಮ್ಮದು,” ಎಂದೆ. ಮಾರ್ಚಿನಲ್ಲಿ ಅವರ ನಿವೃತ್ತಿ. ಅದರ ಮುಂದಿನ ಸಲ ಬೆಳಕು ಕುಗ್ಗುವ ಹೊತ್ತಿಗೆ ಅವರಿಗೆ ಎಪ್ಪತ್ತೆಂಟು ವರ್ಷ.

ಕೆಟ್ಟ ಫಲಕಗಳನ್ನು ಸೋಡಾ ನೀರಿನಲ್ಲಿ ತೊಳೆದು ಚಿತ್ರ ತೆಗೆದು ಸಿಬ್ಬಂದಿ ಕಿಟಕಿಗೆ ಹಾಕಿಕೊಳ್ಳುವುದು ರೂಢಿ. ಮಲ್ಲಯ್ಯ ತೊಳೆಯುವ ಗೋಜಿಗೆ ಹೋಗಲಿಲ್ಲ. ಆ ಗಾಜನ್ನು ಹಾಗೇ ಇಟ್ಟು ಪೋಚಮ್ಮನ ಪಟಕ್ಕೆ ಕಟ್ಟು ಹಾಕಿಸಿದ. ದೇವಿಯ ಮುಖದ ತುಂಬ ಕಪ್ಪು ಚುಕ್ಕೆ. ಸಿಡುಬಿನ ದೇವಿಯಾದ್ದರಿಂದ ಯಾರೂ ತಪ್ಪು ಹುಡುಕಲಿಲ್ಲ. ಓಣಿಯವರೆಲ್ಲ ಬಂದು ಕೈಮುಗಿದರು. ಮಲ್ಲಯ್ಯ ತೀರಿಕೊಂಡ ಮೇಲೂ ಬರುತ್ತಿದ್ದರು.

ನಾವಿಬ್ಬರೂ ಮಲ್ಲಯ್ಯನ ಮನೆಗೆ ಹೋದೆವು. ಅವನ ಹೆಂಡತಿ ಲಚ್ಚಮ್ಮ ಪಟಕ್ಕೆ ಅಡ್ಡ ಕೂತಳು.

“ಬ್ಯಾಡಾದ ಗಾಜು ಅಂತ ನೀವೇ ಕೊಟ್ರಿ ದೊರಸಾನಿ. ನಲವತ್ತು ವರ್ಷ ಪೂಜಿ ಮಾಡೀನಿ. ಈಗ ಬೇಕಾತೇನು?”

“ಒಯ್ಯೋದಿಲ್ಲ ಅತ್ತೆ,” ಎಂದರು ಮಾಣಿಕ್ಯಾಂಬ. “ಇಲ್ಲೇ ಕೂತು ನೋಡ್ತೀನಿ.”

“ಏನು ನೋಡ್ತೀ? ತಾಯಿ ಮೈಮ್ಯಾಲಿನ ಸಿಡುಬು ಎಣಸ್ತೀಯಾ?”

“ಹೂಂ. ಒಂದು ಸಣ್ಣದಾಗಿರಬೇಕು.”

“ವಾಸಿ ಆಗಾಕತ್ತೈತಂತೀಯಾ?”

“ಎರಡು ತಿಂಗಳಷ್ಟೇ. ಆಮೇಲೆ ಮತ್ತೆ ಮೊದಲಿನಂಗೇ.”

ಲಚ್ಚಮ್ಮ ಸರಿದಳು. “ಕುಂಕುಮ ಒರಸಬ್ಯಾಡ, ಅಷ್ಟ.”

ಮಾಣಿಕ್ಯಾಂಬ ಗಾಜಿಗೂ ದೇವಿಗೂ ನಡುವೆ ಬಿಳಿ ಕಾಗದ ತೂರಿಸಿ, ಬಾಗಿಲ ಬಿಸಿಲಿಗೆ ಪಟ ಒರಗಿಸಿ ಕೂತರು. ಯಾವಾಗಲೂ ಹೋಲಿಸಲು ಬಳಸುತ್ತಿದ್ದ ನಕ್ಷತ್ರ ಕುಂಕುಮದ ಅಡಿ ಹೋಗಿತ್ತು. ಬೇರೆ ನಾಲ್ಕನ್ನು ಹುಡುಕಿಕೊಂಡರು. ಎರಡು ಗಂಟೆಯಾಯಿತು. ಲಚ್ಚಮ್ಮ ಎರಡು ಸಲ ಚಹಾ ಕೊಟ್ಟಳು. ಕೊನೆಗೆ ಭೂತಗನ್ನಡಿ ನನ್ನ ಕೈಗೆ ಬಂತು. ಮೂರು ಸಲ ನೋಡಿದೆ. ಅಕ್ಕಪಕ್ಕದ ಚುಕ್ಕೆಗಳೆಲ್ಲ ಎಂದಿನಂತೆ ಇದ್ದವು, ನಮ್ಮದೊಂದೇ ಕಿರಿದು. ಫಲಕ ಕೆಟ್ಟಿರಲಿಲ್ಲ. ನನ್ನ ಲೆಕ್ಕ ಕೆಟ್ಟಿತ್ತು.

ಜನವರಿಯಲ್ಲಿ ದೂರದರ್ಶಕ ಸಿಗುವುದಿಲ್ಲವೆಂದು ದಿಲ್ಲಿಯವರಿಗೆ ಅಂದೇ ಪತ್ರ ಬರೆದೆ.

ಜನವರಿ ಎಂಟರ ಫಲಕದಲ್ಲಿ ಚುಕ್ಕೆ ಕುಗ್ಗಿತ್ತು. ಮಾಣಿಕ್ಯಾಂಬ ಅದನ್ನು ಅಳೆದು, ಅಂಕಿ ಬರೆದು, ಊಟದ ಡಬ್ಬಿ ತೆರೆದರು. ನಿವೃತ್ತಿಯ ದಿನದವರೆಗೆ ಇಪ್ಪತ್ತಾರು ಫಲಕ ಅಳೆದರು. ಲೇಖನದಲ್ಲಿ ಅವರ ಹೆಸರು ಮೊದಲು, ನನ್ನದು ಆಮೇಲೆ.

ಹಳೆಯ ದಾಖಲೆ ಪುಸ್ತಕದಲ್ಲಿ “ಕೆಟ್ಟಿದೆ” ಎಂಬುದನ್ನು ನಾನೇ ಹೊಡೆದುಹಾಕಿ ಸಹಿ ಮಾಡಿದೆ. ಪಕ್ಕದಲ್ಲಿ ಮಾಣಿಕ್ಯಾಂಬ ತಮ್ಮ ದುಂಡು ಅಕ್ಷರದಲ್ಲಿ “ಬಳಕೆಯಲ್ಲಿದೆ” ಎಂದು ಬರೆದರು.